ಚುಕ್ಕಿಗಳ ಮೇಷ್ಟ್ರು ಲೂಯಿ ಬ್ರೈಲ್

ಲೂಯಿ ಬ್ರೈಲ್ ಅವರ ಹೆಸರು ಕೇಳದ ಪ್ರಶಿಕ್ಷಣಾರ್ಥಿ ನಮ್ಮಲ್ಲಿ ಇರಲಾರರು. ಸಮನ್ವಯ ಶಿಕ್ಷಣದ ಪಠ್ಯದಲ್ಲಿ, ಅಂಧರಿಗೆ ಲಿಪಿ ಕೊಟ್ಟವರು ಎಂಬ ಒಂದು ಸಾಲಿನಲ್ಲಿ ಅವರು ಬಂದು ಹೋಗುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವರು ಒಂದೇ ಶಾಲೆಯಲ್ಲಿ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಸಹಾಯಕ ಶಿಕ್ಷಕರಾಗಿ, ಕೊನೆಗೆ ಪೂರ್ಣ ಶಿಕ್ಷಕರಾಗಿ ಬಾಳಿದವರು ಎಂಬುದು ನನಗೆ ಈ ವರ್ಷವಷ್ಟೇ ತಿಳಿಯಿತು. ಹೊಸ ತಂತ್ರವೊಂದು ತರಗತಿಗೆ ಬಂದಾಗ ಮಗುವಿನಲ್ಲಿ ಏನು ಬದಲಾಗುತ್ತದೆ, ಶಿಕ್ಷಕರಲ್ಲಿ ಏನು ಬದಲಾಗುತ್ತದೆ ಎಂದು ತಿಳಿಯಬಯಸುವವರು ಅವರ ಬದುಕನ್ನು ಓದಬೇಕು.

ಅವರು ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಗಳ ಜೀನು, ಲಗಾಮು ಮಾಡುವ ಚರ್ಮದ ಕೆಲಸಗಾರರು. ಮೂರು ವರ್ಷದ ಲೂಯಿ ಅಪ್ಪನ ಕಾರ್ಯಾಗಾರದಲ್ಲಿ ಆಡುತ್ತಿದ್ದಾಗ ಮೊನಚಾದ ಸಲಕರಣೆಯೊಂದು ಅವನ ಒಂದು ಕಣ್ಣಿಗೆ ಚುಚ್ಚಿತು. ಗಾಯ ಕೀವಾಗಿ ಸೋಂಕು ಇನ್ನೊಂದು ಕಣ್ಣಿಗೂ ಹರಡಿತು. ಐದನೇ ವಯಸ್ಸಿನ ಹೊತ್ತಿಗೆ ಅವನಿಗೆ ಏನೂ ಕಾಣದಾಯಿತು. ತಂದೆ ತಾಯಿ ಅವನನ್ನು ಮನೆಯ ಮೂಲೆಯಲ್ಲಿ ಕೂರಿಸಲಿಲ್ಲ. ಊರಿನ ಪಾದ್ರಿ ಮತ್ತು ಶಾಲೆಯ ಮೇಷ್ಟ್ರು ಅವನನ್ನು ಉಳಿದ ಮಕ್ಕಳ ಜೊತೆಗೇ ಕಲಿಯಲು ಸೇರಿಸಿಕೊಂಡರು. ಇಂದು ನಾವು ಸಮನ್ವಯ ಶಿಕ್ಷಣ ಎನ್ನುವುದನ್ನು ಆ ಹಳ್ಳಿ ಹೆಸರಿಡದೆಯೇ ಮಾಡಿತ್ತು. ಹುಡುಗ ಜಾಣ. ಕೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದ. ಆದರೆ ಪುಸ್ತಕ ತೆರೆಯಿರಿ ಎಂದಾಗ, ಬರೆಯಿರಿ ಎಂದಾಗ ಅವನು ಸುಮ್ಮನೆ ಕೂರಬೇಕಿತ್ತು.

1819ರಲ್ಲಿ, ಹತ್ತು ವರ್ಷದವನಿದ್ದಾಗ, ವಿದ್ಯಾರ್ಥಿವೇತನ ದೊರೆತು ಅವನು ಪ್ಯಾರಿಸ್ಸಿನ ಅಂಧ ಬಾಲಕರ ರಾಜಸಂಸ್ಥೆ ಸೇರಿದ. ಅದು ವ್ಯಾಲೆಂಟಿನ್ ಹೌಯಿ ಅವರು 1785ರಲ್ಲಿ ಕಟ್ಟಿದ ಶಾಲೆ. ಅಂಧರು ಓದಬಲ್ಲರು ಎಂಬ ಮಾತನ್ನು ಯಾರೂ ನಂಬದಿದ್ದ ಕಾಲದಲ್ಲಿ ಹೌಯಿ ಅದನ್ನು ಮಾಡಿ ತೋರಿಸಿದ್ದರು. ಅವರ ತಂತ್ರ ಸರಳವಾಗಿತ್ತು. ಒದ್ದೆ ಕಾಗದವನ್ನು ದೊಡ್ಡ ಅಚ್ಚಿನ ಮೊಳೆಗಳ ಮೇಲೆ ಒತ್ತಿದರೆ ಕಣ್ಣಿದ್ದವರು ಓದುವ ಅಕ್ಷರಗಳೇ ಉಬ್ಬಿ ನಿಲ್ಲುತ್ತಿದ್ದವು. ಮಗು ಒಂದೊಂದು ಅಕ್ಷರದ ಅಂಚನ್ನೂ ಬೆರಳಿನಿಂದ ಸುತ್ತಿ ಗುರುತಿಸಬೇಕು. ಸಾಲಿನ ಕೊನೆ ತಲುಪುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗುತ್ತಿತ್ತು. ಪುಸ್ತಕಗಳು ಭಾರ, ದುಬಾರಿ, ಬೆರಳೆಣಿಕೆಯಷ್ಟು. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು. ಆ ಅಕ್ಷರಗಳನ್ನು ಮಗು ಕಷ್ಟಪಟ್ಟು ಓದಬಹುದಿತ್ತು, ತಾನೇ ಬರೆಯಲು ಆಗುತ್ತಿರಲಿಲ್ಲ. ಆ ತಂತ್ರವನ್ನು ರೂಪಿಸಿದವರು ಕಣ್ಣಿದ್ದವರು. ತಮ್ಮ ಕಣ್ಣಿಗೆ ಚೆನ್ನಾಗಿ ಕಂಡದ್ದು ಮಗುವಿನ ಬೆರಳಿಗೂ ಚೆನ್ನಾಗಿರುತ್ತದೆ ಎಂದು ಅವರು ಎಣಿಸಿದ್ದರು.

1821ರಲ್ಲಿ, ಹಿಂದೆ ಸೈನ್ಯದಲ್ಲಿದ್ದ ಚಾರ್ಲ್ಸ್ ಬಾರ್ಬಿಯೆ ಎಂಬುವರು ತಮ್ಮ ಚುಕ್ಕಿ ಬರಹವನ್ನು ಈ ಶಾಲೆಗೆ ತಂದರು. ಉಬ್ಬು ಗೆರೆಗಿಂತ ಉಬ್ಬು ಚುಕ್ಕಿ ಬೆರಳಿಗೆ ಬೇಗ ಸಿಗುತ್ತದೆ ಎಂಬುದು ಮಕ್ಕಳಿಗೆ ಕೂಡಲೇ ಅರಿವಾಯಿತು. ಮೊನೆಯ ಕಡ್ಡಿಯಿಂದ ಚುಕ್ಕಿ ಒತ್ತಿ ತಾವೂ ಬರೆಯಬಹುದಿತ್ತು. ಆದರೆ ಅದರಲ್ಲಿ ಎರಡು ತೊಡಕುಗಳಿದ್ದವು. ಒಂದು, 12 ಚುಕ್ಕಿಗಳ ಮನೆ ಬೆರಳ ತುದಿಗಿಂತ ಉದ್ದವಾಗಿದ್ದು, ಬೆರಳನ್ನು ಮೇಲೆ ಕೆಳಗೆ ಆಡಿಸಬೇಕಿತ್ತು. ಎರಡು, ಅದು ಉಚ್ಚಾರದ ಸದ್ದನ್ನಷ್ಟೇ ಗುರುತಿಸುತ್ತಿತ್ತು. ಕಾಗುಣಿತ ಶುದ್ಧವಾಗಿ ಬರೆಯಲು, ಲೇಖನ ಚಿಹ್ನೆ ಹಾಕಲು, ಲೆಕ್ಕ ಮಾಡಲು, ಸಂಗೀತ ಬರೆಯಲು ಅದರಲ್ಲಿ ದಾರಿ ಇರಲಿಲ್ಲ.

ಲೂಯಿ ಈ ತೊಡಕುಗಳ ಹಿಂದೆ ಬಿದ್ದ. 1824ರ ಹೊತ್ತಿಗೆ, 15ನೇ ವಯಸ್ಸಿನಲ್ಲಿ, ಅವನ ಲಿಪಿಯ ಚೌಕಟ್ಟು ಸಿದ್ಧವಾಗಿತ್ತು. ಎರಡು ಸಾಲು, ಒಂದೊಂದರಲ್ಲಿ ಮೂರು, ಒಟ್ಟು ಆರು ಚುಕ್ಕಿ. ಇಡೀ ಮನೆ ಬೆರಳ ತುದಿಯ ಕೆಳಗೆ ಒಂದೇ ಸ್ಪರ್ಶಕ್ಕೆ ಸಿಗುತ್ತದೆ. ಗಣಿತದ ವಿದ್ಯಾರ್ಥಿನಿಯಾದ ನನಗೆ ಇದರ ಅಚ್ಚುಕಟ್ಟು ಬಹಳ ಹಿಡಿಸಿತು. ಪ್ರತಿ ಚುಕ್ಕಿ ಒಂದೋ ಇರಬೇಕು, ಇಲ್ಲವೇ ಇರಬಾರದು. ಆರು ಚುಕ್ಕಿಗಳಿಗೆ ಎರಡನ್ನು ಆರು ಸಲ ಗುಣಿಸಿದರೆ 64. ಖಾಲಿ ಮನೆಯನ್ನು ಬಿಟ್ಟರೆ 63 ಗುರುತುಗಳು. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕಿಗಳೇ ಸಾಕು. ಅವಕ್ಕೆ ಕೆಳಗಿನ ಒಂದು ಚುಕ್ಕಿ ಸೇರಿಸಿದರೆ ಮುಂದಿನ ಹತ್ತು. ಅದೇ ಹತ್ತು ಗುರುತುಗಳ ಹಿಂದೆ ಅಂಕಿಯ ಚಿಹ್ನೆ ಇಟ್ಟರೆ ಅಂಕಿಗಳು. ಕಲಿಯುವವನ ನೆನಪಿಗೆ ಹೊರೆಯಾಗದಂತೆ ಜೋಡಿಸಿದ ಕ್ರಮ ಇದು. ಬೋಧನೆಯ ಸೂತ್ರಗಳಲ್ಲಿ ನಾವು ಓದುವ, ತಿಳಿದುದರಿಂದ ತಿಳಿಯದುದರ ಕಡೆಗೆ ಎಂಬ ನಡೆಯೇ ಇಲ್ಲಿದೆ.

1828ರಲ್ಲಿ ಅವರು ಅದೇ ಶಾಲೆಯಲ್ಲಿ ಸಹಾಯಕ ಶಿಕ್ಷಕರಾದರು. 1829ರಲ್ಲಿ ಲಿಪಿಯ ವಿವರಣೆ ಪುಸ್ತಕವಾಗಿ ಬಂತು. 1833ರಲ್ಲಿ ಪೂರ್ಣ ಶಿಕ್ಷಕರಾದರು. ಅವರು ಒಳ್ಳೆಯ ಆರ್ಗನ್ ವಾದಕರೂ ಆಗಿದ್ದರು, ಪ್ಯಾರಿಸ್ಸಿನ ಚರ್ಚುಗಳಲ್ಲಿ ನುಡಿಸುತ್ತಿದ್ದರು. ಮೊದಲ ಪುಸ್ತಕದಲ್ಲಿ ಚುಕ್ಕಿಗಳ ಜೊತೆ ಗೀಟುಗಳೂ ಇದ್ದವು. ಬಳಕೆಯಲ್ಲಿ ಅವು ತೊಡಕಾದವು. 1837ರ ಪರಿಷ್ಕೃತ ಆವೃತ್ತಿಯಲ್ಲಿ ಅವರು ಅವನ್ನು ತೆಗೆದುಹಾಕಿದರು. ತಾನೇ ಮಾಡಿದ್ದನ್ನು ಬಳಸುವವರ ಬೆರಳಿಗೆ ಒಪ್ಪಿಸಿ, ಒಗ್ಗದಿದ್ದರೆ ಬಿಟ್ಟುಕೊಡುವ ಈ ಗುಣ ಶಿಕ್ಷಕನದು.

ಈ ಲಿಪಿ ಮಕ್ಕಳನ್ನು ಹೇಗೆ ಬದಲಿಸಿತು? ಅವರು ಟಿಪ್ಪಣಿ ಬರೆದುಕೊಂಡರು, ಒಬ್ಬರಿಗೊಬ್ಬರು ಪತ್ರ ಬರೆದರು, ಬರೆದುದನ್ನು ತಾವೇ ಓದಿ ತಿದ್ದಿಕೊಂಡರು. ಯಾರೋ ಓದಿ ಹೇಳಲಿ ಎಂದು ಕಾಯಬೇಕಿರಲಿಲ್ಲ. ಕೇಳುಗರಾಗಿದ್ದವರು ಬರಹಗಾರರಾದರು.

ಶಿಕ್ಷಕರಲ್ಲಿ ಆದ ಬದಲಾವಣೆ ಅಷ್ಟು ಸುಖದ್ದಲ್ಲ. ಕಣ್ಣಿದ್ದ ಶಿಕ್ಷಕರಿಗೆ ಇದು ತಮಗೆ ಬಾರದ ಲಿಪಿ. ಮಕ್ಕಳ ಬರಹ ಓದಲು ಈಗ ಅವರೇ ಹೊಸದಾಗಿ ಕಲಿಯಬೇಕಾಯಿತು. ಅಂಧರಿಗೆ ಬೇರೆಯೇ ಲಿಪಿ ಕೊಟ್ಟರೆ ಅವರು ಸಮಾಜದಿಂದ ಇನ್ನೂ ದೂರವಾಗುತ್ತಾರೆ ಎಂಬ ವಾದವೂ ಇತ್ತು. 1840ರಲ್ಲಿ ಬಂದ ಹೊಸ ನಿರ್ದೇಶಕ ದುಫೋ ಈ ಲಿಪಿಯನ್ನು ನಿಲ್ಲಿಸಿ, ಉಬ್ಬು ಅಕ್ಷರಗಳನ್ನೇ ಮತ್ತೆ ತಂದರು. ಹಳೆಯ ಪುಸ್ತಕಗಳನ್ನು ಸುಡಿಸಿದರು ಎಂದೂ ಬ್ರೈಲ್ ಅವರ ಜೀವನಚರಿತ್ರೆಗಳು ಹೇಳುತ್ತವೆ. ಮಕ್ಕಳು ಮಾತ್ರ ಗುಟ್ಟಾಗಿ ಚುಕ್ಕಿಗಳಲ್ಲೇ ಬರೆಯುತ್ತಿದ್ದರು. ಒಮ್ಮೆ ಬರೆದ ಕೈಯನ್ನು ಬರೆಯಬೇಡ ಎಂದು ಕಟ್ಟಿಹಾಕುವುದು ಸುಲಭವಲ್ಲ.

ಬ್ರೈಲ್ ಅವರು ಜಗಳಕ್ಕೆ ನಿಲ್ಲಲಿಲ್ಲ. ಎದುರು ವಾದದಲ್ಲಿದ್ದ ಸತ್ಯವನ್ನು ಅವರು ಮೊದಲೇ ಕಂಡಿದ್ದರು. 1839ರಲ್ಲೇ ಅವರು ಇನ್ನೊಂದು ವಿಧಾನ ಪ್ರಕಟಿಸಿದ್ದರು. ಅದರಲ್ಲಿ ಚುಕ್ಕಿಗಳನ್ನು ಸಾಮಾನ್ಯ ಅಕ್ಷರಗಳ ಆಕಾರದಲ್ಲೇ ಒತ್ತಬಹುದಿತ್ತು. ಅಂಧ ಮಗು ಬರೆದ ಪತ್ರವನ್ನು ಮನೆಯವರು ಕಣ್ಣಿನಿಂದಲೇ ಓದಬಹುದಾಯಿತು. ಅದನ್ನು ಬೇಗ ಬರೆಯಲು ಪಿಯರ್ ಫೂಕೋ ಎಂಬ ಅಂಧ ಗೆಳೆಯ ಯಂತ್ರವೊಂದನ್ನು ಕಟ್ಟಿಕೊಟ್ಟರು. ಕೊನೆಗೆ ದುಫೋ ಅವರ ಸಹಾಯಕ ಗ್ವಾದೆ ಮಕ್ಕಳ ಪರ ನಿಂತರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಆರು ಚುಕ್ಕಿಯ ಲಿಪಿಯನ್ನು ಎಲ್ಲರೆದುರು ಪ್ರದರ್ಶಿಸಲಾಯಿತು.

ಅಷ್ಟರಲ್ಲಿ ಕ್ಷಯರೋಗ ಅವರನ್ನು ಹಿಡಿದು ವರ್ಷಗಳಾಗಿದ್ದವು. 1852ರ ಜನವರಿ 6ರಂದು, 43 ತುಂಬಿದ ಎರಡು ದಿನಕ್ಕೆ, ಅವರು ತೀರಿಕೊಂಡರು. ಫ್ರಾನ್ಸ್ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಭಾರತದ ಭಾಷೆಗಳಿಗೆ ಒಂದೇ ಬಗೆಯ ಭಾರತಿ ಬ್ರೈಲ್ 1951ರಲ್ಲಿ ಬಂತು. ಕನ್ನಡದ ‘ಕ’, ಹಿಂದಿಯ ‘ಕ’, ಇಂಗ್ಲಿಷಿನ ‘ಕೆ’ ಮೂರಕ್ಕೂ ಅದರಲ್ಲಿ ಒಂದೇ ಗುರುತು.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. ನಾನು ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬನಿಗೆ ದೃಷ್ಟಿ ಇಲ್ಲ. ಪಾಠಗಳನ್ನು ಅವನು ಮೊಬೈಲಿನಲ್ಲಿ ಕೇಳುತ್ತಾನೆ, ಪರೀಕ್ಷೆಯನ್ನು ಬೇರೊಬ್ಬರ ಕೈಯಲ್ಲಿ ಬರೆಸುತ್ತಾನೆ. ಮೊಬೈಲು ಅವನಿಗೆ ದೊಡ್ಡ ಉಪಕಾರ ಮಾಡಿದೆ. ಪಠ್ಯಪುಸ್ತಕ, ಪತ್ರಿಕೆ ಎಲ್ಲವೂ ಅವನ ಕಿವಿಗೆ ಸಿಗುತ್ತವೆ. ಆದರೆ ‘ದನ’ ಮತ್ತು ‘ಧನ’ ಬರೆಯುವುದರಲ್ಲಿ ಏನು ವ್ಯತ್ಯಾಸ ಎಂದು ಕೇಳಿದಾಗ ಅವನಿಗೆ ಗೊತ್ತಿರಲಿಲ್ಲ. ಬಾರ್ಬಿಯೆಯ ಬರಹದಲ್ಲಿದ್ದ ಕೊರತೆಯೇ ಇದು. ಸದ್ದು ಸಿಕ್ಕಿತು, ಅಕ್ಷರ ಸಿಗಲಿಲ್ಲ. ಎಲ್ಲವನ್ನೂ ಮೊಬೈಲೇ ಓದುವಾಗ ಬ್ರೈಲ್ ಯಾಕೆ ಎಂದು ನಮ್ಮ ಸಹಪಾಠಿಗಳು ಚರ್ಚೆಯಲ್ಲಿ ಕೇಳಿದ್ದುಂಟು. ಈ ಹುಡುಗನೇ ಅದಕ್ಕೆ ಉತ್ತರ.

ಅಲ್ಲಿನ ಸಂಪನ್ಮೂಲ ಶಿಕ್ಷಕರ ಸಲಹೆಯಂತೆ ನಾನು ಆರು ಗುಳಿಗಳ ಮೊಟ್ಟೆ ಟ್ರೇ ಮತ್ತು ಚೆಂಡುಗಳನ್ನು ಒಯ್ದೆ. ಘಾತಾಂಕದ ಪಾಠದಲ್ಲಿ ಇಡೀ ತರಗತಿ 63 ಗುರುತುಗಳನ್ನು ಎಣಿಸಿತು. ಆ ಹುಡುಗ ತನ್ನ ಹೆಸರಿನ ಮೊದಲ ಅಕ್ಷರವನ್ನು ಚೆಂಡುಗಳಲ್ಲಿ ಜೋಡಿಸಿ, ಪಕ್ಕದವನಿಗೆ ಮುಟ್ಟಿ ಓದಲು ಕೊಟ್ಟ. ಒಂದು ಅವಧಿಯಲ್ಲಿ ಲಿಪಿ ಬರುವುದಿಲ್ಲ, ನಿಜ. ಈಗ ಅವನು ಸಂಪನ್ಮೂಲ ಶಿಕ್ಷಕರ ಬಳಿ ವಾರಕ್ಕೆರಡು ದಿನ ಸ್ಲೇಟು, ಕಡ್ಡಿ ಹಿಡಿದು ಕೂರುತ್ತಾನೆ.

ಪಾಠ ಯೋಜನೆಯಲ್ಲಿ ಬೋಧನೋಪಕರಣ ಎಂಬ ಅಂಕಣದಲ್ಲಿ ನಾವು ಸ್ಮಾರ್ಟ್ ಬೋರ್ಡ್, ಪಿಪಿಟಿ, ವಿಡಿಯೋ ಎಂದು ಬರೆಯುತ್ತೇವೆ. ಅವುಗಳಿಂದ ನಮಗೇನು ಸುಲಭ ಎಂಬುದು ನಮಗೆ ಗೊತ್ತು. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಬರೆಯೋಣ: ಇದರಿಂದ ಮಗು ತಾನೇ ಏನನ್ನು ಮಾಡಬಲ್ಲದು?