ಲಕ್ಷ್ಮಣರಾವ್ ಕಿರ್ಲೋಸ್ಕರ್

ರಾಯಚೂರು, ಮಾನ್ವಿ, ದೇವದುರ್ಗಗಳ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಮಳೆ ಬಿದ್ದರೆ ಕಾಲಿಗೆ ಅಂಟುತ್ತದೆ. ಇಂತಹ ನೆಲವನ್ನು ಮರದ ನೇಗಿಲಿನಿಂದ ಆಳವಾಗಿ ಉಳುವುದು ಕಷ್ಟ. ಎರೆಭೂಮಿಯ ರೈತರ ಈ ಶ್ರಮವನ್ನು ಕಡಿಮೆ ಮಾಡಲು ಉಪಕರಣಗಳನ್ನು ನಿರ್ಮಿಸಿದವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಗ್ರಗಣ್ಯರು.

ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯಲ್ಲಿ ಒಲವಿದ್ದುದರಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳನ್ನು ಗುರುತಿಸುವ ಶಕ್ತಿ ಅವರ ಕಣ್ಣುಗಳಿಗಿರಲಿಲ್ಲ. ಚಿತ್ರಕಾರನಾಗುವ ಕನಸು ಅಲ್ಲಿಗೇ ಮುರಿಯಿತು. ಲಕ್ಷ್ಮಣರಾಯರು ಧೃತಿಗೆಡದೆ ಬಣ್ಣದ ಅಗತ್ಯವಿಲ್ಲದ ಯಂತ್ರರೇಖನವನ್ನು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅಲ್ಲಿ ತಮಗೆ ಸಲ್ಲಬೇಕಾದ ಬಡ್ತಿ ಮತ್ತೊಬ್ಬರ ಪಾಲಾದಾಗ ರಾಜೀನಾಮೆಯಿತ್ತು ಬೆಳಗಾವಿಗೆ ಹಿಂದಿರುಗಿದರು.

ಬೆಳಗಾವಿಯಲ್ಲಿ 1888ರಿಂದಲೇ ಅಣ್ಣ ರಾಮಚಂದ್ರರಾಯರೊಡನೆ ಸೈಕಲ್ ಅಂಗಡಿಯನ್ನು ಆರಂಭಿಸಿದ್ದರು. ಈಗ ಮೇವು ಕತ್ತರಿಸುವ ಯಂತ್ರವನ್ನೂ ಬಳಿಕ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಗುಲಿದರೆ ಭೂತಾಯಿಗೆ ವಿಷವೇರುವುದೆಂದು ರೈತರು ನಂಬಿದ್ದ ಕಾಲವದು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. ಕೂಡಿಟ್ಟ ಹಣ ಕರಗಿದರೂ ಅವರು ರೈತರನ್ನು ಹಳಿಯಲಿಲ್ಲ. ಉತ್ತ ಹೊಲವೇ ಅವರನ್ನು ಒಪ್ಪಿಸುವುದೆಂದು ಕಾದರು.

ಅಷ್ಟರಲ್ಲಿ ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಆಗ ಔಂಧ್ ಸಂಸ್ಥಾನದ ದೊರೆಗಳು ಕುಂಡಲ್ ರೈಲುನಿಲ್ದಾಣದ ಬಳಿ 32 ಎಕರೆ ಬರಡು ನೆಲವನ್ನೂ ಸಾಲವನ್ನೂ ನೀಡಿದರು. ಪಾಪಾಸುಕಳ್ಳಿ ಬೆಳೆದಿದ್ದ, ಹಾವುಗಳು ಹರಿದಾಡುತ್ತಿದ್ದ ಆ ಬಯಲಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಾರ್ಮಿಕರ ಮನೆಗಳೂ ಕಾರ್ಖಾನೆಯೂ ಒಂದಾಗಿದ್ದ ಆ ಊರಿನಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಎಡೆಯಿರಲಿಲ್ಲ.

ತಂದೆಯ ಕಾಯಕವನ್ನು ಮಕ್ಕಳು ಮುಂದುವರಿಸಿದರು. ಹಿರಿಯ ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ಕಲಿತು ಬಂದು ಉದ್ಯಮವನ್ನು ಬೆಳೆಸಿದರು. 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಸ್ಥಾಪನೆಗೊಂಡಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಹುಟ್ಟಿತು. ಮತ್ತೊಬ್ಬ ಮಗ ರವಿಯವರು ಅದನ್ನು ಕಟ್ಟಿ ಬೆಳೆಸಿದರು. ವಿದ್ಯುತ್ ಮೋಟಾರುಗಳು, ಪರಿವರ್ತಕಗಳು ಅಲ್ಲಿ ತಯಾರಾದವು. ಮೊಮ್ಮಕ್ಕಳ ಕಾಲಕ್ಕೆ ಮೋಟಾರಿನ ವೇಗವನ್ನು ನಿಯಂತ್ರಿಸುವ ಸಾಧನಗಳೂ ಅವುಗಳ ಜೊತೆಗೂಡಿದವು. ನೇಗಿಲಿನಿಂದ ಮೋಟಾರಿನವರೆಗೆ ವಸ್ತುಗಳು ಬದಲಾದವು. ಮನುಷ್ಯನ ಶ್ರಮವನ್ನು ಹಗುರಗೊಳಿಸುವ ಗುರಿ ಬದಲಾಗಲಿಲ್ಲ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಅವರ ಜನ್ಮಶತಾಬ್ದಿಯಾದ 1969ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು. ಇಂದು ಕೃಷ್ಣಾ, ತುಂಗಭದ್ರೆಯರ ನಡುವಣ ನಾಡಿನಲ್ಲಿ ಕಬ್ಬಿಣದ ನೇಗಿಲನ್ನು ಕಂಡು ಯಾರೂ ಅಂಜುವುದಿಲ್ಲ. ಗುಂಡಿ ಒತ್ತಿದೊಡನೆ ಮೋಟಾರು ನೀರೆತ್ತುತ್ತದೆ. ಈ ಬದಲಾವಣೆಯ ಹಿಂದೆ, ಒಂದು ದಾರಿ ಮುಚ್ಚಿದಾಗ ಮತ್ತೊಂದನ್ನು ತಾವೇ ಕಡಿದುಕೊಂಡ ಇಂತಹ ಹಿರಿಯರ ತಾಳ್ಮೆಯಿದೆ.