ಸದ್ದಿನ ಮನೆಯಲ್ಲಿ ಹುಟ್ಟಿದ ಮ್ಯಾಕ್ಸಿಮ್

ಬೇಸಿಗೆ ಬಂತೆಂದರೆ, ನಾನು ವೈದ್ಯವೃತ್ತಿ ನಡೆಸುತ್ತಿರುವ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಹಳೆಯ ಕಾರುಗಳು ಗ್ಯಾರೇಜುಗಳಿಂದ ಹೊರಬೀಳುತ್ತವೆ. ಅರವತ್ತು ವರ್ಷದ ವಿ-8 ಎಂಜಿನ್ ನಿಂತಲ್ಲೇ ಗುಡುಗುಡಿಸುವುದನ್ನು ಕೇಳಲೆಂದೇ ಜನ ಸೇರುತ್ತಾರೆ. ಊರಿನಲ್ಲಿ ಬುಲೆಟ್ ಮೋಟಾರ್‌ಸೈಕಲ್ಲಿನ ಸದ್ದಿಗೆ ಮನಸೋತವರಿಗೆ ಈ ಮೋಹವನ್ನು ವಿವರಿಸಬೇಕಾಗಿಲ್ಲ. ಆದರೆ ಇದೇ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಬಾಳಿದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಎಂಜಿನಿಯರ್ ಅಂಥ ಸದ್ದನ್ನು ಅಡಗಿಸುವುದರಲ್ಲಿ ಹಲವು ವರ್ಷಗಳನ್ನು ಕಳೆದರು.

ಪರ್ಸಿ ಹುಟ್ಟಿದ್ದು 1869ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್, ತಾನಾಗಿಯೇ ಗುಂಡು ತುಂಬಿಕೊಂಡು ಹಾರಿಸುವ ಮೆಷಿನ್ ಗನ್ನಿನ ಜನಕ. 1881ರಲ್ಲಿ ತಂದೆ ಯೂರೋಪಿಗೆ ತೆರಳಿ ಲಂಡನ್ನಿನಲ್ಲಿ ನೆಲೆನಿಂತರು. 1900ರಲ್ಲಿ ಬ್ರಿಟಿಷ್ ಪ್ರಜೆಯಾದರು, ಮರುವರ್ಷ ಸರ್ ಪದವಿಯನ್ನೂ ಪಡೆದರು. ಹೆಂಡತಿ ಮಕ್ಕಳು ಅಮೆರಿಕದಲ್ಲೇ ಉಳಿದರು. ವಲಸೆ ಹೋದವರ ಯಶಸ್ಸಿನ ಕಥೆಗಳನ್ನು ನಾವು ಬೇಕಾದಷ್ಟು ಕೇಳುತ್ತೇವೆ. ಇಲ್ಲಿ ನನ್ನ ಗಮನ ಹರಿಯುವುದು ಹನ್ನೆರಡರ ಹರೆಯದಲ್ಲಿ ಹಿಂದೆ ಉಳಿದ ಆ ಹುಡುಗನ ಕಡೆಗೆ.

ತನ್ನದೇ ಬಂದೂಕುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ತಂದೆ ಕಿವುಡರಾದರು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸದ್ದು ಅಭ್ಯಾಸವಾಗಿಬಿಟ್ಟಿದೆ ಎಂದು ನೆಮ್ಮದಿಯಿಂದ ಹೇಳುವವರನ್ನು ಕಂಡಾಗ ವೈದ್ಯನಾದ ನನಗೆ ಆತಂಕವಾಗುವುದು ಈ ಕಾರಣಕ್ಕೇ. ಹಲವು ಬಾರಿ ಅದು ಅಭ್ಯಾಸವಲ್ಲ, ನಷ್ಟ.

ಪರ್ಸಿ 1886ರಲ್ಲಿ, ಹದಿನೇಳು ತುಂಬುವ ಮೊದಲೇ, ಎಂಐಟಿಯಲ್ಲಿ ಯಂತ್ರವಿದ್ಯೆ ಮುಗಿಸಿದರು. ಮ್ಯಾಸಚೂಸೆಟ್ಸಿನ ಲಿನ್ ಪಟ್ಟಣದ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದಾಗ ಖಾಲಿ ತೋಟಾ ಚಿಪ್ಪಿನೊಳಗೆ ಪೆಟ್ರೋಲಿನ ಹನಿಗಳನ್ನು ಬಿಟ್ಟು, ಕಿಡಿ ತಾಗಿಸಿ, ಅದರ ಬಲವನ್ನು ಅಳೆಯತೊಡಗಿದರು. ಜರ್ಮನಿಯಲ್ಲಿ ಬೆನ್ಜ್ ಮತ್ತು ಡೈಮ್ಲರ್ ಆಗಲೇ ಕಾರು ಓಡಿಸಿದ್ದರು ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಪ್ರಯೋಗಗಳಿಂದ ಮೂರು ಸಿಲಿಂಡರಿನ ಎಂಜಿನ್ನು ಹುಟ್ಟಿತು, ಅದನ್ನು ಹೊತ್ತ ತ್ರಿಚಕ್ರ ವಾಹನವೂ ಸಿದ್ಧವಾಯಿತು. 1895ರಲ್ಲಿ ಹಾರ್ಟ್‌ಫರ್ಡಿನ ಪೋಪ್ ಕಂಪನಿ ಅವರನ್ನು ಕರೆಸಿಕೊಂಡಿತು. ಅಲ್ಲಿ ಒಲವಿದ್ದದ್ದು ಮೌನವಾಗಿ ಸಾಗುವ ವಿದ್ಯುತ್ ಗಾಡಿಗಳ ಕಡೆಗೆ. ಇಂದಿನ ಓದುಗರಿಗೆ ಇದು ವಿಚಿತ್ರವಾಗಿ ಕಂಡೀತು.

ಪೆಟ್ರೋಲ್ ಎಂಜಿನ್ನು ಅಷ್ಟೇಕೆ ಅಬ್ಬರಿಸುತ್ತದೆ? ನಿಷ್ಕಾಸ ಕವಾಟ ತೆರೆದಾಗ ಸಿಲಿಂಡರಿನೊಳಗಿನ ಅನಿಲದ ಒತ್ತಡ ಹೊರಗಿನ ಗಾಳಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಅದು ಒಮ್ಮೆಲೇ ನುಗ್ಗಿದಾಗ ಒಂದು ಬಡಿತ ಹುಟ್ಟುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಂದು ಬಡಿತ. ನಿಮಿಷಕ್ಕೆ 900 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಬುಲೆಟ್ಟಿನಲ್ಲಿ ಸೆಕೆಂಡಿಗೆ ಏಳೆಂಟು. ಕಿವಿ ಅದನ್ನು ಬಿಡಿಬಿಡಿಯಾಗಿಯೇ ಕೇಳುತ್ತದೆ. 3000 ಸುತ್ತಿನಲ್ಲಿ ನಾಲ್ಕು ಸಿಲಿಂಡರಿನ ಕಾರು ಸೆಕೆಂಡಿಗೆ ನೂರು ಬಡಿತ ಕೊಡುತ್ತದೆ. ಅಷ್ಟರಲ್ಲಿ ಬಡಿತಗಳು ಬೆಸೆದು ಸ್ವರವಾಗಿರುತ್ತವೆ. ಅಮೆರಿಕನ್ ವಿ-8ರ ಕ್ರ್ಯಾಂಕ್ ಶಾಫ್ಟಿನ ರಚನೆಯಿಂದಾಗಿ ಒಂದೊಂದು ಬದಿಯ ಕೊಳವೆಯಲ್ಲೂ ಬಡಿತಗಳ ಅಂತರ ಸಮವಾಗಿರುವುದಿಲ್ಲ. ಆ ಗುಡುಗುಡು ಬರುವುದು ಅಲ್ಲಿಂದ. ಹಲವು ಫೆರಾರಿ ವಿ-8ಗಳಲ್ಲಿ ಶಾಫ್ಟ್ ಬೇರೆ ಬಗೆಯದು, ಅಂತರ ಸಮ. ಆದ್ದರಿಂದ ಅವು ಕೀರುತ್ತವೆ. ಕೊಳವೆಯ ಉದ್ದ, ಅಗಲ, ಎರಡು ಬದಿಯ ಕೊಳವೆಗಳನ್ನು ಜೋಡಿಸಿದ ಬಗೆ, ಕೊನೆಗೆ ತುಕ್ಕು ತಿಂದ ಒಂದು ತೂತು ಸಹ ಸ್ವರವನ್ನು ಬದಲಿಸುತ್ತದೆ.

ಪರ್ಸಿಗೆ ಉಪಾಯ ಹೊಳೆದದ್ದು ಸ್ನಾನದ ತೊಟ್ಟಿಯ ನೀರು ಸುಳಿಸುತ್ತಿ ಇಳಿಯುವುದನ್ನು ನೋಡಿದಾಗ ಎನ್ನುತ್ತಾರೆ. ಅನಿಲವನ್ನೂ ಹೀಗೆಯೇ ಸುತ್ತಿಸಿ, ನಿಧಾನವಾಗಿ ಹೊರಬಿಟ್ಟರೆ ಸ್ಫೋಟದ ಸದ್ದು ಕುಗ್ಗಬೇಕು. 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ದೊರೆಯಿತು. ತಂದೆ ಗುಡುಗಿಸಿದ್ದನ್ನು ಮಗ ತಣಿಸಿದ ಎನ್ನಬಹುದು. ಆದರೂ ಅದು ಬಂದೂಕೇ ಎಂಬುದನ್ನು ಮರೆಯಲಾಗದು. ಅದೇ ತತ್ತ್ವವನ್ನು ಅವರ ಕಂಪನಿ ದೋಣಿಗಳ ಹಾಗೂ ವಾಹನಗಳ ಎಂಜಿನ್ನುಗಳಿಗೂ, ಮುಂದೆ ಕಾರ್ಖಾನೆಯ ಯಂತ್ರಗಳಿಗೂ ಅಳವಡಿಸಿತು. ಕಾರಿನ ಮಫ್ಲರಿನ ಮೊದಲ ಕೀರ್ತಿಯನ್ನು ಅವರಿಗೇ ಕೊಡುವವರಿದ್ದಾರೆ, ಅದು ಸರಿಯಲ್ಲ. ಇಂಡಿಯಾನಾದ ರೀವ್ಸ್ ಸಹೋದರರು 1897ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು.

ಸದ್ದನ್ನು ಕಟ್ಟುವುದು ಸುಲಭವಾಗಿರಲಿಲ್ಲ. ಅನಿಲವನ್ನು ಅತಿಯಾಗಿ ತಡೆದರೆ ಎಂಜಿನ್ನಿನ ಬಲ ಕುಂದುತ್ತದೆ. ಆದ್ದರಿಂದಲೇ ಆ ಕಾಲದ ಅನೇಕ ಕಾರುಗಳಲ್ಲಿ ಮಫ್ಲರನ್ನು ತಪ್ಪಿಸಿ ಹೊಗೆಯನ್ನು ನೇರವಾಗಿ ಬಿಡುವ ಕಟ್‌ಔಟ್ ಇರುತ್ತಿತ್ತು. ಸದ್ದು ತಾಳಲಾರದೆ ಹಲವು ನಗರಗಳು ಅದನ್ನು ನಿಷೇಧಿಸಿದವು.

ಪರ್ಸಿಯವರಿಗೆ ಎಲ್ಲ ಸದ್ದೂ ಬೇಡವಾಗಿರಲಿಲ್ಲ. 1914ರಲ್ಲಿ ಹವ್ಯಾಸಿ ರೇಡಿಯೋ ನಿರ್ವಾಹಕರ ಅಮೆರಿಕನ್ ರೇಡಿಯೋ ರಿಲೇ ಲೀಗನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ದೂರದ ಕ್ಷೀಣ ಸಂಕೇತವನ್ನು ಕಿವಿಗೊಟ್ಟು ಹಿಡಿಯುವ ಹವ್ಯಾಸವದು. ಕಿವುಡ ತಂದೆಯ ಮಗನಲ್ಲಿ ಈ ಆಸಕ್ತಿ ಕಂಡು ನನಗೆ ಆಶ್ಚರ್ಯವಾಗುವುದಿಲ್ಲ.

ತಂದೆ 1916ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಪರ್ಸಿ ಕ್ಯಾಲಿಫೋರ್ನಿಯಾಕ್ಕೆ ರೈಲಿನಲ್ಲಿ ಹೊರಟಿದ್ದಾಗ ಅಸ್ವಸ್ಥರಾಗಿ, 1936ರ ಫೆಬ್ರುವರಿ 17ರಂದು ಕೊಲೊರಾಡೊದ ಲಾ ಹಂಟಾ ಪಟ್ಟಣದಲ್ಲಿ ಕೊನೆಯುಸಿರೆಳೆದರು. ತಂದೆಯನ್ನು ಕುರಿತು ಅವರು ಬರೆದ ಪುಸ್ತಕ ಅದೇ ವರ್ಷ ಪ್ರಕಟವಾಯಿತು. ಅದು ಚಿಕ್ಕ ಮಗನ ಕಣ್ಣಿಗೆ ಕಂಡ ತಂದೆಯ ಚಿತ್ರ. ಅದರಲ್ಲಿ ದೂರಿಗಿಂತ ನಗೆಯೇ ಹೆಚ್ಚು.