ಸರ್ ಮಿರ್ಜಾ ಇಸ್ಮಾಯಿಲ್ ಅಧಿಕಾರ ಬಿಟ್ಟುಕೊಡಲು ಯಾಕೆ ಹಿಂಜರಿದರು?

ತರೀಕೆರೆ ತಾಲೂಕಿನ ಕೆಮ್ಮಣ್ಣುಗುಂಡಿಯ ಕೆಂಪು ಗುಡ್ಡ ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಆ ಗುಡ್ಡದ ಅದಿರು ಭದ್ರಾವತಿಗೆ ಹೋಗಿ ಕಬ್ಬಿಣವಾಗಲು ಶುರುವಾದದ್ದು 1923ರಲ್ಲಿ. ಅದು ವಿಶ್ವೇಶ್ವರಯ್ಯನವರ ಕನಸು. ಅದೇ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ ಎದ್ದು ನಿಂತದ್ದು ಮಾತ್ರ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ. ನಮ್ಮ ಜನ ಮಿರ್ಜಾ ಸಾಹೇಬರ ಹೆಸರನ್ನು ಹೆಮ್ಮೆಯಿಂದ ಹೇಳ್ತಾರೆ. ಹೇಳಬೇಕಾದದ್ದೇ. ಆದರೆ ಅವರ ಬದುಕಿನ ಇನ್ನೊಂದು ಮಗ್ಗುಲನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ.

ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು. ಚಿಕ್ಕಂದಿನಲ್ಲಿ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯ ಹತ್ತಿರ ಪಾಠಕ್ಕೆ ಕೂತರು. ಅದೇ ಪಾಠಕ್ಕೆ ಕೂತಿದ್ದ ಇನ್ನೊಬ್ಬ ಹುಡುಗ ಮುಂದೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್. ಆ ಗೆಳೆತನ ಕೊನೆತನಕ ಮುರಿಯಲಿಲ್ಲ. ಮೊದಲು ಪೊಲೀಸ್ ಇಲಾಖೆ, ಆಮೇಲೆ ಅರಮನೆಯ ಕಾರ್ಯದರ್ಶಿ, 1926ರಲ್ಲಿ ದಿವಾನ್. ಹದಿನೈದು ವರ್ಷ ಆ ಕುರ್ಚಿಯಲ್ಲಿ ಕೂತರು. ಬೃಂದಾವನ ಉದ್ಯಾನ, ಬೆಂಗಳೂರಿನ ಪುರಭವನ, ಹಳ್ಳಿಗಳಿಗೆ ಕರೆಂಟು, ಹೀಗೆ ಪಟ್ಟಿ ಉದ್ದ ಇದೆ. ಬೀದಿಯಲ್ಲಿ ಕಸ ಬಿದ್ದಿದ್ದರೂ ದಿವಾನರ ಕಣ್ಣಿಗೆ ಬೀಳುತ್ತಿತ್ತು ಅಂತ ಹಳಬರು ಹೇಳುವುದುಂಟು.

ಆಗಿನ ಆಡಳಿತ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತಲೇ ಹೆಸರು. ಕಡೂರು, ತರೀಕೆರೆ ಕಡೆಯ ಜಮೀನ್ದಾರರು, ವರ್ತಕರು ದಸರಾ ಸಮಯದಲ್ಲಿ ಮೈಸೂರಿಗೆ ಹೋಗಿ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂರುತ್ತಿದ್ದರು. 1881ರಲ್ಲೇ ಶುರುವಾದ ಸಭೆ ಅದು. ಕೆರೆ, ರಸ್ತೆ, ಕಂದಾಯ ಎಲ್ಲ ಕೇಳಬಹುದಿತ್ತು. ದಿವಾನರು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಆದರೆ ದಿವಾನರನ್ನು ಕೆಳಗಿಳಿಸುವ ಅಧಿಕಾರ ಸಭೆಗೆ ಇರಲಿಲ್ಲ. ದಿವಾನರು ಉತ್ತರ ಕೊಡಬೇಕಾದ್ದು ಮಹಾರಾಜರಿಗೆ, ಸಭೆಗಲ್ಲ. ಇದು ಬದಲಾಗಲಿ, ಜವಾಬ್ದಾರಿ ಸರ್ಕಾರ ಕೊಡಿ ಅಂತ ಕಾಂಗ್ರೆಸ್ಸಿನವರು ಕೇಳಿದರು.

ಮಿರ್ಜಾ ಒಪ್ಪಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ತ್ರಿವರ್ಣ ಧ್ವಜ ಹಾರಿಸಿದರು, ಬಂಧನಗಳಾದವು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಆ ರಕ್ತದ ಕಲೆ ದಿವಾನರ ಹೆಸರಿಗೂ ಅಂಟಿತು. ನಾವು ಅದನ್ನು ಮುಚ್ಚಿಡುವುದು ಸರಿಯಲ್ಲ. ಆಮೇಲೆ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಬೆಂಗಳೂರಿಗೆ ಬಂದು ಮಾತಾಡಿದರು, ಮೈಸೂರು ಧ್ವಜದ ಜೊತೆ ಕಾಂಗ್ರೆಸ್ ಧ್ವಜಕ್ಕೂ ಜಾಗ ಸಿಕ್ಕಿತು. ಅಧಿಕಾರ ಮಾತ್ರ ಸಿಗಲಿಲ್ಲ. ಮರುವರ್ಷ ಮತ್ತೆ ಸತ್ಯಾಗ್ರಹ, ಮತ್ತೆ ಜೈಲು.

ಒಳ್ಳೆಯ ಮನುಷ್ಯರೊಬ್ಬರು ಹೀಗ್ಯಾಕೆ ಮಾಡಿದರು? ದುರಾಸೆ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ನನಗೆ ಕಾಣುವುದು ಇಷ್ಟು. ಮೊದಲನೆಯದು ಗೆಳೆಯನ ಉಪ್ಪಿನ ಋಣ. ಮಹಾರಾಜರ ಅಧಿಕಾರ ತಗ್ಗಿಸುವುದು ಅವರಿಗೆ ವಿಶ್ವಾಸದ್ರೋಹದಂತೆ ಕಂಡಿರಬೇಕು. ಇನ್ನೊಂದು, ಕೆಲಸ ನಡೆಯುತ್ತಿತ್ತು. ಕಾರ್ಖಾನೆ ಬರ್ತಾ ಇದೆ, ದೀಪ ಉರೀತಾ ಇದೆ, ಸುಮ್ಮನೆ ಯಾಕೆ ಕದಡಬೇಕು ಅನ್ನುವ ಮನಸ್ಸು. ನಮ್ಮ ಮನೆಗಳಲ್ಲೂ ಯಜಮಾನರು ಚೆನ್ನಾಗಿ ನಡೆಸಿಕೊಂಡು ಹೋಗ್ತಿದ್ದರೆ ಲೆಕ್ಕ ಕೇಳಿದ ಮಗನೇ ತಪ್ಪಿತಸ್ಥ ಆಗೋದಿಲ್ಲವೇ? ಭಯವೂ ಇದ್ದಿರಬಹುದು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆ ಶಾಲೆಯ ಗಣಪತಿ ವಿಗ್ರಹದ ವಿಷಯ ಗಲಭೆಗೆ ತಿರುಗಿ, ವಿಶ್ವೇಶ್ವರಯ್ಯನವರ ಸಮಿತಿ ವಿಚಾರಣೆ ಮಾಡಬೇಕಾಯಿತು. ಬೀದಿಗೆ ಬಂದ ಗುಂಪು ಏನು ಮಾಡಬಲ್ಲದು ಅಂತ ಅವರು ಹತ್ತಿರದಿಂದ ಕಂಡಿದ್ದರು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಹೊಸ ಮಹಾರಾಜರ ಜೊತೆ ಹೊಂದಾಣಿಕೆ ಆಗದೆ 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟು ಜೈಪುರಕ್ಕೆ ಹೋದರು. ಅಲ್ಲಿಯೂ ಹೆಸರು ಮಾಡಿದರು.

ವಿಚಿತ್ರ ಇರೋದು ಹೈದರಾಬಾದಿನಲ್ಲಿ. 1946ರಲ್ಲಿ ನಿಜಾಮರು ಅವರನ್ನು ಪ್ರಧಾನಿಯಾಗಿ ಕರೆಸಿಕೊಂಡರು. ದೇಶ ವಿಭಜನೆ ಮಿರ್ಜಾ ಅವರಿಗೆ ಒಪ್ಪಿಗೆಯಿರಲಿಲ್ಲ. ಕಾಲ ಬದಲಾಗಿದೆ, ಭಾರತದ ಜೊತೆ ಒಪ್ಪಂದ ಮಾಡಿಕೊಳ್ಳಿ ಅಂತ ನಿಜಾಮರಿಗೆ ತಿಳಿಹೇಳಿದರು. ಈಗ ಬದಲಾವಣೆ ಕೇಳುವ ಕಡೆ ನಿಂತವರು ಅವರೇ. ಎದುರು ನಿಂತದ್ದು ಇತ್ತೆಹಾದ್ ಸಂಘಟನೆ. ಇದ್ದದ್ದು ಇದ್ದ ಹಾಗೇ ಇರಲಿ, ನಿಜಾಮರ ಗದ್ದುಗೆ ಅಲುಗಬಾರದು ಅನ್ನುವುದು ಅವರ ಹಟ. ಮೈಸೂರಿನಲ್ಲಿ ಧಣಿಯ ಗದ್ದುಗೆ ಕಾದ ಮಿರ್ಜಾ ಇಲ್ಲಿ ನಮ್ಮವರ ಬಾಯಲ್ಲೇ ದ್ರೋಹಿ ಅನ್ನಿಸಿಕೊಂಡರು. 1947ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೊರಟರು. ಮುಂದೆ 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದಿಗೆ ನುಗ್ಗಿತು. ಆಗ ಬಡ ಮುಸ್ಲಿಂ ಕುಟುಂಬಗಳು ಎಷ್ಟು ಕಷ್ಟ ಅನುಭವಿಸಿದವು ಅನ್ನುವುದು ಬೀದರ್, ಗುಲ್ಬರ್ಗದವರನ್ನು ಕೇಳಿದರೆ ಈಗಲೂ ಗೊತ್ತಾಗುತ್ತದೆ.

ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರಿನಲ್ಲಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದ ಮೂಲಕ. 1954ರಲ್ಲಿ ಮಿರ್ಜಾ ತಮ್ಮ ಸಾರ್ವಜನಿಕ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಜನ, ಜಮೀನಿದ್ದವರೂ ಇಲ್ಲದವರೂ, ಎರಡು ಮಹಾಚುನಾವಣೆಗಳಲ್ಲಿ ಸಾಲಿನಲ್ಲಿ ನಿಂತು ವೋಟು ಹಾಕಿ ಆಗಿತ್ತು.